ಕಾಣದ ನಷ್ಟಕ್ಕೆ ರೂಪ: ಹವಾಮಾನ ಬದಲಾವಣೆಯ ಕಾಲದಲ್ಲಿ ಕಲೆ ಮತ್ತು ಸಾಹಿತ್ಯ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಸಾಲಿನಲ್ಲಿ ಲಿಂಕನ್ ಮೆಡೋ ಎಂಬ ಹುಲ್ಲುಗಾವಲಿದೆ. ಅದರ ಸುತ್ತಲಿನ ಕಾಡಿನಲ್ಲಿ ಮರ ಕಡಿಯಲು ಹೊರಟ ಕಂಪನಿಯೊಂದು, ತಾನು ಕಾಡನ್ನು ಬೋಳು ಮಾಡುವುದಿಲ್ಲ, ಅಲ್ಲೊಂದು ಇಲ್ಲೊಂದು ಮರವನ್ನಷ್ಟೇ ಆಯ್ದು ತೆಗೆಯುತ್ತೇನೆ, ಅದರಿಂದ ಅಲ್ಲಿನ ಜೀವಿಗಳಿಗೆ ಯಾವ ಧಕ್ಕೆಯೂ ಆಗದು ಎಂದು ಸುತ್ತಲಿನ ಜನರಿಗೆ ಭರವಸೆ ಕೊಟ್ಟಿತ್ತು. ಮೊದಲು ಸಂಗೀತಗಾರರಾಗಿದ್ದು ಆಮೇಲೆ ನಿಸರ್ಗದ ಧ್ವನಿಮುದ್ರಣಕ್ಕೆ ಬದುಕನ್ನು ಮುಡಿಪಿಟ್ಟ ಬರ್ನಿ ಕ್ರೌಸ್ ಅವರು 1988ರಲ್ಲಿ, ಕಡಿತ ಶುರುವಾಗುವ ಮುನ್ನ, ಆ ಹುಲ್ಲುಗಾವಲಿನ ಒಂದು ಬೆಳಗಿನ ಜಾವವನ್ನು ಮುದ್ರಿಸಿಕೊಂಡರು. ವರ್ಷ ಕಳೆದ ಮೇಲೆ ಅದೇ ಹೊತ್ತಿಗೆ, ಅಂಥದೇ ಹವೆಯಲ್ಲಿ ಮತ್ತೊಮ್ಮೆ ಹೋಗಿ ಮುದ್ರಿಸಿದರು. ಎರಡೂ ಸಲದ ಛಾಯಾಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಹುಡುಕುವುದು ಕಷ್ಟ. ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಮೊದಲ ಮುದ್ರಣದಲ್ಲಿ ಒಂದರ ಮೇಲೊಂದು ಉಕ್ಕಿ ಬರುವ ಹಕ್ಕಿಗಳ ದನಿಯಿದೆ. ಎರಡನೆಯದರಲ್ಲಿ ಹರಿವ ನೀರಿನ ಸದ್ದು ಮತ್ತು ಮರಕುಟಿಗವೊಂದು ಕುಟ್ಟುವ ಸದ್ದನ್ನು ಬಿಟ್ಟರೆ ಹೆಚ್ಚೇನೂ ಇಲ್ಲ. ಮುಂದಿನ 25 ವರ್ಷಗಳಲ್ಲಿ ಅವರು 15 ಬಾರಿ ಅಲ್ಲಿಗೆ ಮರಳಿದರು. ಹಳೆಯ ದನಿಯ ದಟ್ಟಣೆ ಮರಳಲಿಲ್ಲ.

ಇದು ಮರ ಕಡಿದದ್ದರ ಪರಿಣಾಮವೇ ಹೊರತು ಹವಾಮಾನ ಬದಲಾವಣೆಯದಲ್ಲ. ಆದರೂ ಈ ಎರಡು ಧ್ವನಿಮುದ್ರಣಗಳಿಂದಲೇ ಮಾತು ಶುರುಮಾಡಬೇಕೆನ್ನಿಸುತ್ತದೆ. ಏಕೆಂದರೆ ಪರಿಸರದ ನಷ್ಟವನ್ನು ಕುರಿತು ಏನನ್ನಾದರೂ ಬರೆಯ ಹೊರಟವರು, ಚಿತ್ರಿಸ ಹೊರಟವರು ಎದುರಿಸುವ ಮೊದಲ ತೊಡಕು ಇಲ್ಲಿ ಸ್ಪಷ್ಟವಾಗಿದೆ. ಕಳೆದುಹೋದದ್ದು ಕಣ್ಣಿಗೆ ಬೀಳುವುದಿಲ್ಲ. ಇಲ್ಲದ್ದನ್ನು ತೋರಿಸುವುದು ಹೇಗೆ?

ಈ ಪ್ರಶ್ನೆಯನ್ನು ಯೋಚಿಸುವಾಗಲೆಲ್ಲ ನನಗೆ ವಾಲ್ಮೀಕಿಯ ಕ್ರೌಂಚ ಪಕ್ಷಿ ನೆನಪಾಗುತ್ತದೆ. ನಮ್ಮ ಕಾವ್ಯಪರಂಪರೆ ತನ್ನ ಮೂಲವನ್ನು ಹೇಳಿಕೊಳ್ಳುವುದೇ ಒಂದು ಹಕ್ಕಿಯ ಸಾವಿನಿಂದ, ಶೋಕವು ಶ್ಲೋಕವಾದ ಆ ಗಳಿಗೆಯಿಂದ. ಆದರೆ ಆ ಪ್ರಸಂಗದಲ್ಲಿ ಕವಿಗೆ ಬೇಕಾದ್ದೆಲ್ಲ ಕಣ್ಣೆದುರಿಗಿದೆ: ನೆಲಕ್ಕೆ ಬಿದ್ದ ಹಕ್ಕಿ, ಅದಕ್ಕಾಗಿ ಅಳುವ ಸಂಗಾತಿ, ಇನ್ನೂ ಬಿಲ್ಲು ಹಿಡಿದೇ ನಿಂತಿರುವ ಬೇಡ. ಶಪಿಸುವುದಕ್ಕೆ ಒಂದು ಮುಖವಿದೆ. ಹವಾಮಾನ ಬದಲಾವಣೆಯಲ್ಲಿ ಬಾಣವೆಂಬುದು ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ಕೈಗಾರಿಕಾ ಯುಗಕ್ಕೆ ಮೊದಲು ವಾತಾವರಣದ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಈ ಏರಿಕೆಯ ಒಂದೊಂದು ಹೆಜ್ಜೆಯೂ ಯಾವ ಕಣ್ಣಿಗೂ ಕಾಣದೆ ನಡೆದದ್ದು. ಬಾಣ ಬಿಟ್ಟ ಕಾಲ ಒಂದು, ತಗುಲುವ ಕಾಲ ಇನ್ನೊಂದು. ಬಿಟ್ಟ ನಾಡು ಒಂದು, ಬೀಳುವ ಹಕ್ಕಿಯ ನಾಡು ಮತ್ತೊಂದು. ಬಿಲ್ಲಿಗೆ ಕೈ ಹಚ್ಚಿದವರ ಸಾಲಿನಲ್ಲಿ, ಪಾಲು ಹೆಚ್ಚುಕಡಿಮೆಯಿದ್ದರೂ, ಶ್ಲೋಕ ಬರೆಯುವವರೂ ಓದುವವರೂ ಇದ್ದಾರೆ.

ಈ ಬಗೆಯ ಹಾನಿಗೆ ಸಾಹಿತ್ಯ ವಿಮರ್ಶಕ ರಾಬ್ ನಿಕ್ಸನ್ ಅವರು 2011ರ ತಮ್ಮ ಪುಸ್ತಕದಲ್ಲಿ 'ನಿಧಾನ ಹಿಂಸೆ' ಎಂಬ ಅರ್ಥದ ಹೆಸರನ್ನು ಕೊಟ್ಟರು. ಸ್ಫೋಟವಿಲ್ಲ, ಹೊಗೆಯಿಲ್ಲ, ಸುದ್ದಿಯಾಗುವಂಥ ಒಂದು ದಿನಾಂಕವಿಲ್ಲ. ಹಿಂಸೆ ಮಾತ್ರ ದಶಕಗಳುದ್ದಕ್ಕೂ ಹರಡಿಕೊಂಡಿರುತ್ತದೆ ಮತ್ತು ಅದು ಮೊದಲು ಎರಗುವುದು ಬಡವರ ಮೇಲೆ. ಅದಕ್ಕೂ ಮೊದಲು, 2003ರಲ್ಲಿ, ಆಸ್ಟ್ರೇಲಿಯಾದ ತತ್ವಶಾಸ್ತ್ರಜ್ಞ ಗ್ಲೆನ್ ಆಲ್ಬ್ರೆಕ್ಟ್ 'ಸೊಲಾಸ್ಟಾಲ್ಜಿಯಾ' ಎಂಬ ಪದವನ್ನೇ ಕಟ್ಟಿದರು. ನ್ಯೂ ಸೌತ್ ವೇಲ್ಸ್‌ನ ಹಂಟರ್ ಕಣಿವೆಯಲ್ಲಿ ತೆರೆದ ಕಲ್ಲಿದ್ದಲು ಗಣಿಗಳು ಸುತ್ತಲಿನ ನೆಲವನ್ನು ನುಂಗುತ್ತಿದ್ದಾಗ, ಊರು ಬಿಡದೆ ಅಲ್ಲೇ ಉಳಿದ ಜನರ ಸಂಕಟಕ್ಕೆ ಹೆಸರಿಲ್ಲದ್ದನ್ನು ಅವರು ಗಮನಿಸಿದ್ದರು. ದೂರ ಹೋದವರು ಊರಿಗಾಗಿ ಹಂಬಲಿಸುವುದು ನಮಗೆಲ್ಲ ಗೊತ್ತಿರುವ ಭಾವ; ಇವರು ಮನೆಯ ಹೊಸ್ತಿಲಲ್ಲೇ ಕುಳಿತು, ಊರೇ ತಮ್ಮನ್ನು ಬಿಟ್ಟುಹೋಗುತ್ತಿರುವುದನ್ನು ನೋಡುತ್ತಿದ್ದರು. ಹೆಸರಿಲ್ಲದ ದುಃಖ ತನ್ನೊಬ್ಬನದೇ ಎಂಬ ಭ್ರಮೆ ಹುಟ್ಟಿಸುತ್ತದೆ, ಹೆಸರು ಸಿಕ್ಕೊಡನೆ ಅದು ಹಲವರದ್ದಾಗುತ್ತದೆ ಎಂಬ ಕಾರಣಕ್ಕೆ ಈ ಪದರಚನೆಯನ್ನೂ ನಾನು ಸಾಹಿತ್ಯದ ಕೆಲಸವೆಂದೇ ಎಣಿಸುತ್ತೇನೆ.

ಕಾದಂಬರಿಯ ಪಾಡು ಇನ್ನೂ ತೊಡಕಿನದು. ಅಮಿತಾವ್ ಘೋಷ್ ಅವರು 2016ರಲ್ಲಿ ಪ್ರಕಟಿಸಿದ 'ದಿ ಗ್ರೇಟ್ ಡಿರೇಂಜ್‌ಮೆಂಟ್' ಎಂಬ ಪುಸ್ತಕದಲ್ಲಿ ತಮ್ಮದೇ ಒಂದು ಅನುಭವವನ್ನು ಮುಂದಿಡುತ್ತಾರೆ. 1978ರ ಮಾರ್ಚ್ 17ರಂದು ದೆಹಲಿಯಲ್ಲಿ, ಆ ಊರು ಕಂಡು ಕೇಳಿರದಂಥ ಸುಂಟರಗಾಳಿಯೊಂದರ ನಡುವೆ ವಿದ್ಯಾರ್ಥಿಯಾಗಿದ್ದ ಅವರು ಸಿಕ್ಕಿಕೊಂಡು ಬದುಕುಳಿದರು. ಮುಂದೆ ಕಾದಂಬರಿಕಾರರಾದ ಮೇಲೆ ಆ ಘಟನೆಯನ್ನು ಕಥೆಯೊಳಗೆ ತರಲು ಎಷ್ಟು ಪ್ರಯತ್ನಿಸಿದರೂ ಅವರಿಗೆ ಆಗಲಿಲ್ಲ. ಬದುಕಿನಲ್ಲಿ ನಿಜವಾಗಿಯೂ ನಡೆದದ್ದು ಕಾದಂಬರಿಯಲ್ಲಿ ನಂಬಲಾಗದ್ದಾಗಿ ಕಾಣುತ್ತಿತ್ತು. ಇದರ ಕಾರಣವನ್ನು ಅವರು ಆಧುನಿಕ ಕಾದಂಬರಿಯ ಹುಟ್ಟಿನಲ್ಲೇ ಹುಡುಕುತ್ತಾರೆ: ಅದು ದಿನನಿತ್ಯದ, ಸಂಭವನೀಯವಾದ ಬದುಕಿನ ಮೇಲೆ ಕಟ್ಟಿದ ಪ್ರಕಾರ; ಅಸಾಧಾರಣವಾದದ್ದನ್ನು ಪುರಾಣಕ್ಕೋ ಅದ್ಭುತ ಕಥೆಗೋ ಬಿಟ್ಟುಕೊಟ್ಟು, ತಾನು ಗಂಭೀರವೆನಿಸಿಕೊಂಡ ಪ್ರಕಾರ. ಈಗ ಅಸಾಧಾರಣವೇ ದಿನನಿತ್ಯದ್ದಾಗುತ್ತಿರುವಾಗ, ಆ ಗಾಂಭೀರ್ಯವೇ ಕುರುಡಾಗಿದೆ ಎಂಬುದು ಅವರ ವಾದದ ತಿರುಳು.

ಈ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅಸಂಭವನೀಯತೆಗಿಂತ ದೊಡ್ಡ ಅಡ್ಡಿಯೆಂದರೆ ಕಾದಂಬರಿಗೆ ಒಬ್ಬ ವ್ಯಕ್ತಿಯ ಆಯುಷ್ಯವೇ ಅಳತೆಗೋಲಾಗಿರುವುದು ಎಂದು ನನಗೆ ಕಾಣುತ್ತದೆ. ಹಿಮನದಿಯ, ಕಾಡಿನ, ಸಾಗರಮಟ್ಟದ ಕಥೆ ಆ ಅಳತೆಗೆ ಸಿಗುವುದಿಲ್ಲ. ಹೊಸ ಕಾದಂಬರಿಗಳಲ್ಲಿ ಈ ಬಿಗಿಯನ್ನು ಸಡಿಲಿಸುವ ಪ್ರಯತ್ನಗಳಿವೆ. 2019ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ರಿಚರ್ಡ್ ಪವರ್ಸ್ ಅವರ 'ದಿ ಓವರ್‌ಸ್ಟೋರಿ'ಯಲ್ಲಿ ಮನುಷ್ಯರ ಕಥೆಗಳು ಮರಗಳ ದೀರ್ಘಾಯುಷ್ಯದ ಸುತ್ತ ಹೆಣೆದುಕೊಳ್ಳುತ್ತವೆ. ಭಾರತದಲ್ಲಿ ಸಂಭವಿಸುವ ಒಂದು ಮಾರಕ ಬಿಸಿಗಾಳಿಯ ಚಿತ್ರಣದಿಂದ ತೊಡಗುವ ಕಿಮ್ ಸ್ಟಾನ್ಲಿ ರಾಬಿನ್ಸನ್ ಅವರ 2020ರ ಕಾದಂಬರಿ 'ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್', ಮುಂದೆ ಅನಾಮಿಕರ ಸಾಕ್ಷ್ಯ, ಸಭೆಯ ಟಿಪ್ಪಣಿ, ಪ್ರಬಂಧದ ತುಣುಕುಗಳನ್ನೆಲ್ಲ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಕಥೆಯ ಓಟಕ್ಕೆ ಇದರಿಂದ ತೊಡಕಾಗುತ್ತದೆ ಎಂದು ದೂರುವವರಿದ್ದಾರೆ. ಒಬ್ಬ ನಾಯಕನ ಬೆನ್ನು ಹತ್ತಿ ಹೇಳಲಾಗದ ಕಥೆಗೆ ಆ ತೊಡಕು ಸಹಜವೆಂದೇ ನನ್ನ ಎಣಿಕೆ.

ಕಾರಣ ತಿಳಿಯದೆಯೂ ಕಲೆ ಹವೆಯನ್ನು ದಾಖಲಿಸುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿ, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬಾರದೆ ಹೋದಾಗ, ಜಿನೀವಾ ಸರೋವರದ ದಂಡೆಯಲ್ಲಿ ಮಳೆಯಿಂದಾಗಿ ಮನೆಯೊಳಗೇ ಉಳಿದ ಮೇರಿ ಶೆಲ್ಲಿ 'ಫ್ರಾಂಕೆನ್‌ಸ್ಟೈನ್' ಬರೆಯತೊಡಗಿದರು, ಬೈರನ್ ಸೂರ್ಯನೇ ಆರಿಹೋದ ಲೋಕವೊಂದರ ಕವಿತೆ ಬರೆದರು. ಎಲ್ಲಿಯೋ ದೂರದ ದ್ವೀಪದ ಬೂದಿ ತಮ್ಮ ಆಕಾಶವನ್ನು ಮುಚ್ಚಿದೆಯೆಂದು ಅವರಿಗೆ ತಿಳಿದಿರಲಿಲ್ಲ. ಟರ್ನರ್ ಮತ್ತು ಮೊನೆ ಅವರ ನೂರರಷ್ಟು ವರ್ಣಚಿತ್ರಗಳನ್ನು ಅಳೆದುನೋಡಿದ 2023ರ ಅಧ್ಯಯನವೊಂದು, ಕಲ್ಲಿದ್ದಲಿನ ಹೊಗೆ ಹೆಚ್ಚಿದಂತೆಲ್ಲ ಆ ಚಿತ್ರಗಳ ಅಂಚುಗಳು ಮಸುಕಾದದ್ದನ್ನು ಗುರುತಿಸಿತು. ಅವರ ಸ್ಥಿತಿಗೂ ನಮ್ಮ ಸ್ಥಿತಿಗೂ ಇರುವ ಅಂತರ ಒಂದೇ: ನಮಗೆ ಕಾರಣ ಗೊತ್ತಿದೆ. ಗೊತ್ತಿದ್ದೂ ಬರೆಯುವವರ ಹೊಣೆ ಬೇರೆ.

ಹಾಗಿದ್ದರೆ ಇಷ್ಟು ದೊಡ್ಡದನ್ನು ಹಿಡಿಯುವುದು ಹೇಗೆ? ಕಳೆದ ಹತ್ತು ಹನ್ನೆರಡು ವರ್ಷಗಳ ಕೃತಿಗಳನ್ನು ನೋಡುತ್ತ ನನಗೆ ಮೂಡಿರುವ ಅಭಿಪ್ರಾಯವೆಂದರೆ, ಮನಸ್ಸಿನಲ್ಲಿ ಉಳಿಯುವ ಕೃತಿಗಳು ಇಡೀ ಭೂಮಿಯನ್ನು ತೋರಿಸಲು ಹೋಗುವುದೇ ಇಲ್ಲ. ಮುಳುಗಿದ ಮಹಾನಗರ, ಉರಿವ ಗೋಳ, ಮರುಭೂಮಿಯಾದ ಖಂಡಗಳ ಚಿತ್ರಗಳು ಒಮ್ಮೆ ಬೆಚ್ಚಿಬೀಳಿಸಿ ಕರಗಿಹೋಗುತ್ತವೆ. ಒಂದು ಹಿಮನದಿ, ಒಂದು ಹುಲ್ಲುಗಾವಲು, ಒಂದು ಜಾತಿಯ ಮರ ಎಂದು ಹೆಸರು ಹಿಡಿದು ನಿಲ್ಲುವ ಕೃತಿ ಮಾತ್ರ ನಮ್ಮನ್ನು ಬಿಡುವುದಿಲ್ಲ.

ಐಸ್‌ಲ್ಯಾಂಡಿನ ಓಕ್ ಹಿಮನದಿ ಇದಕ್ಕೆ ನಾನು ಬಲ್ಲ ಅತ್ಯುತ್ತಮ ಉದಾಹರಣೆ. ಹಿಮನದಿ ಎನ್ನಿಸಿಕೊಳ್ಳಬೇಕಾದರೆ ಮಂಜುಗಡ್ಡೆಯು ತನ್ನದೇ ಭಾರಕ್ಕೆ ಜರುಗುವಷ್ಟು ದಪ್ಪವಿರಬೇಕು. ಓಕ್‌ನಲ್ಲಿ ಉಳಿದ ಗಡ್ಡೆ ಇನ್ನು ಜರುಗುತ್ತಿಲ್ಲ, ಆದ್ದರಿಂದ ಅದು ಸತ್ತಿದೆ ಎಂದು ಹಿಮನದಿ ತಜ್ಞ ಓಡ್ಡುರ್ ಸಿಗುರ್ಡ್‌ಸನ್ 2014ರಲ್ಲಿ ಘೋಷಿಸಿದರು. ಆಗ ಅದು ಹೆಚ್ಚು ಸುದ್ದಿಯಾಗಲಿಲ್ಲ. ರೈಸ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರಾದ ಸಿಮೀನ್ ಹೌ ಮತ್ತು ಡೊಮಿನಿಕ್ ಬೋಯರ್ ಆ ಸಾವನ್ನು ಕುರಿತು ಸಾಕ್ಷ್ಯಚಿತ್ರ ಮಾಡಿ, ಬಳಿಕ ಅದಕ್ಕೊಂದು ಸ್ಮಾರಕಫಲಕ ಇಡಿಸಲು ಮುಂದಾದರು. 2019ರ ಆಗಸ್ಟ್ 18ರಂದು ಐಸ್‌ಲ್ಯಾಂಡಿನ ಪ್ರಧಾನಿಯೂ ಸೇರಿದಂತೆ ಜನ ಗುಂಪಾಗಿ ಬೆಟ್ಟ ಹತ್ತಿ ಆ ಫಲಕವನ್ನು ಬಂಡೆಗೆ ಕೂರಿಸಿದರು. ಅದರ ಬರಹ ಲೇಖಕ ಆಂದ್ರಿ ಸ್ನೈರ್ ಮಾಗ್ನಸನ್ ಅವರದು. ತನ್ನ ಸ್ಥಾನ ಕಳೆದುಕೊಂಡ ಮೊದಲ ಐಸ್‌ಲ್ಯಾಂಡ್ ಹಿಮನದಿ ಇದು, ಮುಂದಿನ 200 ವರ್ಷಗಳಲ್ಲಿ ಉಳಿದವೂ ಇದೇ ಹಾದಿ ಹಿಡಿಯಲಿವೆ ಎಂದು ಹೇಳಿದ ಮೇಲೆ ಆ ಬರಹ, ಆಗುತ್ತಿರುವುದೇನು, ಮಾಡಬೇಕಾದದ್ದೇನು ಎಂದು ನಮಗೆ ಗೊತ್ತಿದೆ, ಅದನ್ನು ನಾವು ಮಾಡಿದೆವೋ ಇಲ್ಲವೋ ಎಂಬುದು ನಿಮಗೆ ಮಾತ್ರ ಗೊತ್ತು ಎಂದು ಮುಂದಿನವರ ಕಡೆ ತಿರುಗುತ್ತದೆ. ಕೊನೆಯಲ್ಲಿ ಆ ವರ್ಷದ ಇಂಗಾಲದ ಡೈಆಕ್ಸೈಡ್ ಪ್ರಮಾಣ: ಹತ್ತು ಲಕ್ಷಕ್ಕೆ 415.

ಕೆಲವೇ ಸಾಲುಗಳ ಈ ಬರಹದಲ್ಲಿ ದೂಷಣೆಯಿಲ್ಲ, ಉಪದೇಶವಿಲ್ಲ. ಇದು 'ನೀವು' ಎಂದು ಕರೆಯುವುದು ಇನ್ನೂ ಹುಟ್ಟದವರನ್ನು. ಓದುತ್ತಿರುವ ನಾವು, ನಮಗೆ ಬರೆಯದ ಪತ್ರವನ್ನು ಕದ್ದು ಓದಿದವರಂತೆ ನಿಲ್ಲುತ್ತೇವೆ, ಮತ್ತು ಆ ಪತ್ರದಲ್ಲಿ 'ನಾವು' ಎಂದಿರುವುದು ನಮ್ಮನ್ನೇ ಎಂದು ತಡವಾಗಿ ತಿಳಿಯುತ್ತದೆ. ಸಾಮಾನ್ಯವಾಗಿ ಸ್ಮಾರಕಗಳು ಮುಗಿದುಹೋದದ್ದನ್ನು ನೆನೆಯುತ್ತವೆ. ಇದು ಇನ್ನೂ ಮುಗಿಯದ ಒಂದು ಕೃತ್ಯಕ್ಕೆ ನಮ್ಮನ್ನೇ ಸಾಕ್ಷಿಯಾಗಿ ಬರೆದುಕೊಳ್ಳುತ್ತದೆ. ವ್ಯಾಕರಣದ ಒಂದು ಸರ್ವನಾಮದಿಂದ ಇಷ್ಟು ಕೆಲಸ ತೆಗೆದದ್ದನ್ನು ಕಂಡಾಗ ಭಾಷೆಯ ಮೇಲಿನ ನಂಬಿಕೆ ಗಟ್ಟಿಯಾಗುತ್ತದೆ.

ಇದೇ ದಾರಿಯ ಇನ್ನೊಂದು ಕೃತಿ ಕಲಾವಿದ ಓಲಾಫರ್ ಎಲಿಯಾಸನ್ ಮತ್ತು ಭೂವಿಜ್ಞಾನಿ ಮಿನಿಕ್ ರೋಸಿಂಗ್ ಅವರದು. ಗ್ರೀನ್‌ಲ್ಯಾಂಡಿನ ಕಡಲಚಾಚಿನಲ್ಲಿ ತೇಲುತ್ತಿದ್ದ ಮಂಜುಗಡ್ಡೆಗಳನ್ನು ತಂದು 2014ರಲ್ಲಿ ಕೋಪನ್‌ಹೇಗನ್, 2015ರ ಹವಾಮಾನ ಶೃಂಗಸಭೆಯ ವೇಳೆ ಪ್ಯಾರಿಸ್, 2018ರಲ್ಲಿ ಲಂಡನ್ನಿನ ಬಯಲಿನಲ್ಲಿ ಕರಗಲು ಬಿಟ್ಟರು. ಪ್ಯಾರಿಸ್ಸಿನಲ್ಲಿ 12 ಗಡ್ಡೆಗಳನ್ನು ಗಡಿಯಾರದ ಅಂಕಿಗಳಂತೆ ವೃತ್ತಾಕಾರವಾಗಿ ಇಡಲಾಗಿತ್ತು. ದಾರಿಹೋಕರು ಅವನ್ನು ಮುಟ್ಟಿದರು, ಕಿವಿಯಿಟ್ಟು ಒಳಗಿನ ಗಾಳಿಗುಳ್ಳೆಗಳು ಒಡೆಯುವ ಸದ್ದು ಕೇಳಿದರು. ಅಂಕಿಅಂಶ ತಲುಪದ ಅಂಗೈಗೆ ಮಂಜು ತಲುಪಿತು. ಆದರೆ ಮಂಜನ್ನು ಅಷ್ಟು ದೂರ ಸಾಗಿಸಲು ಇಂಧನ ಸುಟ್ಟದ್ದೂ ನಿಜ. ಪ್ಯಾರಿಸ್ ಪ್ರದರ್ಶನವೊಂದಕ್ಕೇ ಸುಮಾರು 30 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ ಆಯಿತೆಂದು ಕಲಾವಿದರ ಕಡೆಯಿಂದಲೇ ಲೆಕ್ಕ ಪ್ರಕಟವಾಯಿತು. ಆ ಲೆಕ್ಕವನ್ನು ಮುಚ್ಚಿಡದೆ ಕೃತಿಯ ಭಾಗವಾಗಿಯೇ ಮುಂದಿಟ್ಟದ್ದು ಪ್ರಾಮಾಣಿಕ ನಡೆ. ಅದರಿಂದ ಪ್ರಶ್ನೆ ಬಗೆಹರಿಯಿತೆಂದೇನೂ ಅಲ್ಲ. ಮಾಯಾ ಲಿನ್ ಅವರು 2021ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನಲ್ಲಿ ನಿಲ್ಲಿಸಿದ 49 ಸತ್ತ ಸೀಡರ್ ಮರಗಳು ಪಕ್ಕದ ನ್ಯೂಜೆರ್ಸಿಯವು. ಕಡಲಿನ ಉಪ್ಪುನೀರು ಒಳನುಗ್ಗಿ ಕರಾವಳಿಯ ಕಾಡುಗಳು ನಿಂತಲ್ಲೇ ಒಣಗುತ್ತಿರುವುದನ್ನು ನಗರದ ನಟ್ಟನಡುವಿಗೆ ತಂದು ಹೇಳಲು ಅವರಿಗೆ ದೂರದ ಧ್ರುವಪ್ರದೇಶ ಬೇಕಾಗಲಿಲ್ಲ.

ಕಾಲದ ಅಳತೆಯನ್ನು ಹಿಗ್ಗಿಸುವುದು ಇನ್ನೊಂದು ದಾರಿ. ಜರ್ಮನಿಯ ಕಾಸೆಲ್ ನಗರದಲ್ಲಿ 1982ರಲ್ಲಿ ಯೋಸೆಫ್ ಬಾಯ್ಸ್ 7000 ಬಸಾಲ್ಟ್ ಕಲ್ಲುಗಳನ್ನು ರಾಶಿ ಹಾಕಿಸಿ, ಒಂದು ಓಕ್ ಸಸಿ ನೆಟ್ಟಾಗಲೆಲ್ಲ ಅದರ ಪಕ್ಕಕ್ಕೆ ಒಂದು ಕಲ್ಲು ಹೋಗಬೇಕೆಂದು ನಿಯಮ ಮಾಡಿದರು. ರಾಶಿ ಕರಗಿದಷ್ಟೂ ಕೆಲಸವಾಯಿತೆಂದು ಊರಿಗೆಲ್ಲ ಕಾಣುತ್ತಿತ್ತು; 1986ರಲ್ಲಿ ಅವರು ತೀರಿಕೊಂಡ ಮೇಲೆ, ಮರುವರ್ಷ ಕೊನೆಯ ಸಸಿಯನ್ನು ನೆಟ್ಟವರು ಅವರ ಮಗ. ಕೇಟಿ ಪ್ಯಾಟರ್ಸನ್ ಅವರು 2014ರಲ್ಲಿ ಓಸ್ಲೋ ಬಳಿಯ ನೂರ್ಡ್‌ಮಾರ್ಕಾ ಕಾಡಿನಲ್ಲಿ 1000 ಸಸಿಗಳನ್ನು ನೆಡಿಸಿದರು. ವರ್ಷಕ್ಕೊಬ್ಬ ಲೇಖಕರು ಒಂದು ಹಸ್ತಪ್ರತಿಯನ್ನು ಒಪ್ಪಿಸುತ್ತಾರೆ. ಮಾರ್ಗರೆಟ್ ಅಟ್‌ವುಡ್ ಮೊದಲಿಗರು, ಹಾನ್ ಕಾಂಗ್ ನಂತರದವರಲ್ಲಿ ಒಬ್ಬರು. ಯಾರೂ ಅವನ್ನು ಓದುವಂತಿಲ್ಲ. 2114ರಲ್ಲಿ ಆ ಮರಗಳಿಂದಲೇ ಕಾಗದ ಮಾಡಿ ಅಚ್ಚು ಹಾಕಬೇಕು. ತನ್ನ ಓದುಗರ ಮುಖವನ್ನು ಎಂದೂ ನೋಡದ ಲೇಖಕ, ನೂರು ವರ್ಷ ಕಾಡೊಂದನ್ನು ಕಾಯಲೇಬೇಕಾದ ಊರು, ಆಗಲೂ ಪುಸ್ತಕ ಓದುವವರು ಇರುತ್ತಾರೆಂಬ ನಂಬಿಕೆ: ಈ ಮೂರೂ ಸೇರಿದ ಒಪ್ಪಂದವೇ ಆ ಕೃತಿ. ಅದರಲ್ಲಿ ಹವಾಮಾನ ಎಂಬ ಮಾತು ಒಮ್ಮೆಯೂ ಬರಬೇಕಾಗಿಲ್ಲ.

ಇಷ್ಟು ಹೊತ್ತು ಹೇಳಿದ ಕೃತಿಗಳಲ್ಲಿ ಬಹುಪಾಲು ಉತ್ತರದ ಶ್ರೀಮಂತ ನಗರಗಳವು ಎಂಬುದು ನನ್ನ ಗಮನಕ್ಕೆ ಬಂದಿದೆ, ಓದುಗರ ಗಮನಕ್ಕೂ ಬಂದಿರಬೇಕು. ನಷ್ಟವನ್ನು ದೂರದಿಂದ ನೋಡಿ ರೂಪಿಸುವುದಕ್ಕೂ ನಷ್ಟದೊಳಗಿದ್ದು ಮಾತಾಡುವುದಕ್ಕೂ ಇರುವ ಅಂತರ ದೊಡ್ಡದು. ಮಾರ್ಷಲ್ ದ್ವೀಪಗಳ ಕವಿ ಕ್ಯಾಥಿ ಜೆಟ್ನಿಲ್ ಕಿಜಿನರ್ 2014ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯಲ್ಲಿ ರಾಷ್ಟ್ರನಾಯಕರ ಎದುರು ತಮ್ಮ ಎಳೆಯ ಮಗಳನ್ನು ಉದ್ದೇಶಿಸಿದ ಕವಿತೆಯೊಂದನ್ನು ಓದಿದರು. ಸಾಗರಮಟ್ಟಕ್ಕಿಂತ ಸರಾಸರಿ ಎರಡು ಮೀಟರಿನಷ್ಟೇ ಎತ್ತರದ ನಾಡು ಅವರದು. 1946ರಿಂದ 1958ರವರೆಗೆ ಅಮೆರಿಕ ಅಲ್ಲಿ 67 ಅಣುಪರೀಕ್ಷೆಗಳನ್ನು ನಡೆಸಿತ್ತು. ನೆಲ ಕಳೆದುಕೊಳ್ಳುವುದು ಆ ಜನರಿಗೆ ಭವಿಷ್ಯದ ಕಲ್ಪನೆಯಲ್ಲ, ಒಮ್ಮೆ ಆಗಿಹೋದ ಅನುಭವ. 2018ರಲ್ಲಿ ಅದೇ ಕವಿ ಗ್ರೀನ್‌ಲ್ಯಾಂಡಿನ ಕವಿ ಅಕಾ ನಿವಿಯಾನ ಅವರೊಡನೆ ಅಲ್ಲಿನ ಮಂಜಿನ ಮೇಲೆ ನಿಂತು ಜೊತೆಯಾಗಿ ಕವಿತೆ ಓದಿದ್ದು ದೃಶ್ಯರೂಪದಲ್ಲಿದೆ. ಒಬ್ಬರ ಕಾಲ ಕೆಳಗೆ ಕರಗುವ ಮಂಜು ಇನ್ನೊಬ್ಬರ ಮನೆಯಂಗಳಕ್ಕೆ ನೀರಾಗಿ ಬರುತ್ತದೆ. ಭೌತವಿಜ್ಞಾನದ ಈ ಸಂಗತಿಯನ್ನು ಇಬ್ಬರು ಹೆಣ್ಣುಮಕ್ಕಳ ನಂಟಾಗಿ ಹೇಳಿದ ಆ ಕೃತಿಯ ಮುಂದೆ, ಹವಾಮಾನ ಕುರಿತ ಎಷ್ಟೋ ದುಬಾರಿ ಪ್ರದರ್ಶನಗಳು ನನಗೆ ಸಪ್ಪೆಯೆನ್ನಿಸಿವೆ.

ಇನ್ನು ಕೆಲವರು ಬರವಣಿಗೆಗೆ ಜೀವವನ್ನೇ ತೆತ್ತಿದ್ದಾರೆ. ನೈಜೀರಿಯಾದ ಕೆನ್ ಸಾರೊ ವಿವಾ ಕಾದಂಬರಿಕಾರರು, ದೂರದರ್ಶನದ ಜನಪ್ರಿಯ ಧಾರಾವಾಹಿಯ ಕರ್ತೃ. ನೈಜರ್ ನದಿಮುಖಜ ಭೂಮಿಯ ಒಗೋನಿ ಜನರ ಹೊಲ ಮತ್ತು ಹೊಳೆಗಳನ್ನು ತೈಲ ಸೋರಿಕೆ ಹಾಳುಮಾಡುತ್ತಿದ್ದಾಗ ಅವರು ಆ ಜನರ ಅಹಿಂಸಾತ್ಮಕ ಹೋರಾಟವನ್ನು ಮುನ್ನಡೆಸಿದರು. 1995ರ ನವೆಂಬರ್ 10ರಂದು ಸೇನಾ ಸರ್ಕಾರ ಅವರನ್ನೂ ಇತರ ಎಂಟು ಮಂದಿಯನ್ನೂ ಗಲ್ಲಿಗೇರಿಸಿತು. ಪರಿಸರದ ಬರಹವೆಂದರೆ ಹೂವು ಹಕ್ಕಿಗಳ ವರ್ಣನೆ ಎಂದು ಭಾವಿಸುವವರು ಈ ದಿನಾಂಕವನ್ನು ನೆನಪಿಡಬೇಕು.

ಇದರಿಂದೆಲ್ಲ ಪ್ರಯೋಜನವಿದೆಯೇ ಎಂಬ ಪ್ರಶ್ನೆಯನ್ನು ಸಂಶೋಧಕರೂ ಕೇಳಿದ್ದಾರೆ. ಹವಾಮಾನ ಕಾದಂಬರಿಗಳನ್ನು ಓದಿದ 161 ಅಮೆರಿಕನ್ನರನ್ನು ಕುರಿತ ಮ್ಯಾಥ್ಯೂ ಶ್ನೈಡರ್ ಮೇಯರ್ಸನ್ ಅವರ 2018ರ ಅಧ್ಯಯನದಲ್ಲಿ, ಅಂಥ ಪುಸ್ತಕ ಎತ್ತಿಕೊಂಡವರು ಮೊದಲೇ ಈ ಬಗ್ಗೆ ಹೆಚ್ಚು ಕಾಳಜಿಯುಳ್ಳವರಾಗಿದ್ದರು, ಓದಿನ ನಂತರ ಹಲವರಲ್ಲಿ ಉಳಿದದ್ದು ದುಃಖ ಮತ್ತು ಅಸಹಾಯಕತೆ ಎಂಬುದು ಕಂಡುಬಂತು. 2015ರ ಪ್ಯಾರಿಸ್ ಶೃಂಗಸಭೆಯ ಜೊತೆಗೆ ನಡೆದ ಕಲೋತ್ಸವದ 37 ಕೃತಿಗಳನ್ನು ನೋಡಿದ 874 ಜನರ ಪ್ರತಿಕ್ರಿಯೆ ಸಂಗ್ರಹಿಸಿದ ಲಾರಾ ಸೊಮ್ಮರ್ ಮತ್ತು ಕ್ರಿಸ್ಟಿಯನ್ ಕ್ಲೋಕ್ನರ್ ಅವರು, ಭಯ ಹುಟ್ಟಿಸುವವುಗಳಿಗಿಂತ ಪರಿಹಾರವನ್ನು ಸುಂದರವಾಗಿ ಕಾಣಿಸಿದ ಕೃತಿಗಳು ಜನರನ್ನು ಹೆಚ್ಚು ತಟ್ಟಿದವೆಂದು ಕಂಡುಕೊಂಡರು. ಅಂಥ ಕೃತಿಗಳಿದ್ದದ್ದು ಮೂರೇ.

ಈ ಅಧ್ಯಯನಗಳು ಉಪಯುಕ್ತ. ಆದರೆ ಕೃತಿಯನ್ನು ನೋಡಿ ಹೊರಬಂದ ಗಳಿಗೆಯಲ್ಲಿ ತುಂಬಿಸಿಕೊಂಡ ಪ್ರಶ್ನಾವಳಿ ಅಳೆಯುವುದು ಆ ಗಳಿಗೆಯನ್ನು. ರೇಚಲ್ ಕಾರ್ಸನ್ ಅವರ 'ಸೈಲೆಂಟ್ ಸ್ಪ್ರಿಂಗ್' 1962ರಲ್ಲಿ ಹಕ್ಕಿಯ ದನಿಯಿಲ್ಲದ ಒಂದು ಕಲ್ಪಿತ ಊರಿನ ವರ್ಣನೆಯಿಂದ ತೊಡಗಿತು. ಅಮೆರಿಕದಲ್ಲಿ ಡಿಡಿಟಿ ಎಂಬ ಕೀಟನಾಶಕದ ನಿಷೇಧವಾದದ್ದು 1972ರಲ್ಲಿ. ನಡುವಿನ ಹತ್ತು ವರ್ಷ ವಿಚಾರಣೆ, ಮೊಕದ್ದಮೆ, ಚಳವಳಿಗಳ ಕಾಲ. ಪುಸ್ತಕವೇ ನಿಷೇಧ ತಂದಿತೆನ್ನುವುದು ಉತ್ಪ್ರೇಕ್ಷೆಯಾದೀತು, ಪುಸ್ತಕವಿಲ್ಲದೆ ಅದು ಬರುತ್ತಿತ್ತೆನ್ನುವುದೂ ಕಷ್ಟ. ಅಲ್ಲದೆ ಸಾವಿನ ಮನೆಯಲ್ಲಿ ಅತ್ತವರನ್ನು, ಅಳುವುದರಿಂದ ಏನು ಪ್ರಯೋಜನವಾಯಿತು ಎಂದು ನಾವು ಕೇಳುವುದಿಲ್ಲ. ಕಳೆದುಕೊಂಡದ್ದು ಅಳುವುದಕ್ಕೆ ಯೋಗ್ಯವಾದದ್ದು ಎಂದು ಸ್ಥಾಪಿಸುವುದೇ ಒಂದು ಕೆಲಸ.

ಕಲೆಯ ಮನೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದು ಈ ಕಾಲದ ಇನ್ನೊಂದು ಜಗಳ. ಲಂಡನ್ನಿನ ಟೇಟ್ ಕಲಾಸಂಗ್ರಹಾಲಯಕ್ಕೆ ತೈಲ ಕಂಪನಿ ಬಿಪಿ 26 ವರ್ಷ ಕೊಟ್ಟ ಪ್ರಾಯೋಜಕತ್ವವು, 2010ರಿಂದ ಕಲಾವಿದರ ಗುಂಪೊಂದು ಸಂಗ್ರಹಾಲಯದೊಳಗೇ ನಡೆಸಿದ ಪ್ರತಿಭಟನಾ ಪ್ರದರ್ಶನಗಳ ನಡುವೆ, 2017ರಲ್ಲಿ ಕೊನೆಗೊಂಡಿತು; ರಾಯಲ್ ಶೇಕ್ಸ್‌ಪಿಯರ್ ಕಂಪನಿ 2019ರಲ್ಲಿ ಅದೇ ನಂಟನ್ನು ಕಡಿದುಕೊಂಡಿತು. ಬ್ರಿಟಿಷ್ ಮ್ಯೂಸಿಯಂ ಮಾತ್ರ 2023ರಲ್ಲಿ ಹತ್ತು ವರ್ಷಗಳಿಗೆ 5 ಕೋಟಿ ಪೌಂಡಿನ ಹೊಸ ಒಪ್ಪಂದಕ್ಕೆ ಸಹಿ ಹಾಕಿತು. 2022ರ ಅಕ್ಟೋಬರಿನಲ್ಲಿ ಇಬ್ಬರು ಯುವತಿಯರು ವ್ಯಾನ್ ಗೋ ಅವರ ಸೂರ್ಯಕಾಂತಿಗಳ ಚಿತ್ರದ ಗಾಜಿನ ಮೇಲೆ ಟೊಮೆಟೊ ಸೂಪ್ ಎರಚಿದ್ದನ್ನು ನಾನು ಒಪ್ಪಲಾರೆ. ಮರುದಿನದ ಚರ್ಚೆಯೆಲ್ಲ ಚಿತ್ರದ ಚೌಕಟ್ಟಿನ ಸುತ್ತಲೇ ನಡೆದು ತೈಲದ ಮಾತು ಹಿಂದೆ ಬಿತ್ತು. ಟೇಟ್‌ನ ಕಲಾವಿದರ ಹೋರಾಟ ನಿಧಾನವಾಗಿದ್ದರೂ ತಾವು ನಿಂತ ನೆಲದ ಲೆಕ್ಕವನ್ನೇ ಕೇಳಿತ್ತು.

ಬರ್ನಿ ಕ್ರೌಸ್ ಅವರ ಕಥೆಗೆ ಇನ್ನೊಂದು ಭಾಗವಿದೆ. ಅವರು 1968ರಿಂದ ಸಂಗ್ರಹಿಸಿದ ಧ್ವನಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈಗ ನಾಶವಾದ ಅಥವಾ ಗುರುತು ಸಿಗದಷ್ಟು ಬದಲಾದ ತಾಣಗಳವು ಎಂದು ಅವರೇ ಹೇಳಿದ್ದಾರೆ. 2017ರ ಅಕ್ಟೋಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಒಣಬೆಟ್ಟಗಳಲ್ಲಿ ಹೊತ್ತಿದ ಕಾಳ್ಗಿಚ್ಚು ಸೊನೋಮಾ ಪ್ರಾಂತ್ಯದ ಅವರ ಮನೆಯನ್ನು ಸುಟ್ಟುಹಾಕಿತು. ಗಂಡಹೆಂಡಿರು ಜೀವ ಉಳಿಸಿಕೊಂಡು ಹೊರಬಂದರು. ಮನೆಯಲ್ಲಿದ್ದುದೆಲ್ಲ ಬೂದಿಯಾಯಿತು. ಧ್ವನಿಮುದ್ರಣಗಳ ಪ್ರತಿಗಳನ್ನು ಬೇರೆಡೆ ಇರಿಸಿದ್ದರಿಂದ ಲಿಂಕನ್ ಮೆಡೋದ 1988ರ ಆ ಬೆಳಗಿನ ಜಾವ ಉಳಿದುಕೊಂಡಿದೆ, ಈಗಲೂ ಕೇಳಬಹುದು.